ಸಂಖ್ಯೆಗಳ ಕುಲಗೋತ್ರ

ಸಂಘದ ವಾರ್ಷಿಕ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಕೀಲುನೋವು ಮುಂತಾದವುಗಳ ಮೇಲೆ ನಮ್ಮ ವೈದ್ಯಬಂಧುಗಳ ಉಪಯುಕ್ತ ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಸಂಖ್ಯೆಗಳನ್ನು ಕುರಿತ ಲೇಖನವೊಂದು ಏಕೆಂದು ವಾಚಕರು ಕೇಳಬಹುದು. ಕಾರಣವಿಷ್ಟೆ. ಕಸ್ಬಾ, ಬಾಲಿಗಂಜ್, ಗರಿಯಾಹಾಟ್ ಸುತ್ತಮುತ್ತ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂಬತ್ತು ಹತ್ತನೆಯ ತರಗತಿಯ ಮಕ್ಕಳುಂಟು. ಅವರ ಗಣಿತ ಪುಸ್ತಕ ಇಂಗ್ಲಿಷಿನಲ್ಲಿದೆ. ತಂದೆತಾಯಿಗಳಲ್ಲಿ ಅನೇಕರು ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಅದೇ ಪಾಠವನ್ನು ಕನ್ನಡದಲ್ಲಿ ಕಲಿತವರು. ಮಗು 'ಇರ‍್ರ‍್ಯಾಷನಲ್ ನಂಬರ್' ಎಂದಾಗ ತಾವು ಕಲಿತ 'ಅಭಾಗಲಬ್ಧ ಸಂಖ್ಯೆ' ಅದೇ ಎಂಬುದು ಥಟ್ಟನೆ ಹೊಳೆಯುವುದಿಲ್ಲ. ಫಲವಾಗಿ ಟ್ಯೂಷನ್ ಮೇಷ್ಟರ ಮನೆಯ ದಾರಿ ಹಿಡಿಯಬೇಕಾಗುತ್ತದೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಪುಸ್ತಕದ ಒಂದು ಪುಟ 'ಪೈ' ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ ಎನ್ನುತ್ತದೆ. ಇನ್ನೊಂದು ಪುಟ ಪೈ ಬೆಲೆ 22/7 ಎಂದು ಹಿಡಿದು ವೃತ್ತದ ಸುತ್ತಳತೆಯನ್ನು ಕಂಡುಹಿಡಿಯಿರಿ ಎನ್ನುತ್ತದೆ. 22/7 ಭಿನ್ನರಾಶಿಯಲ್ಲದೆ ಮತ್ತೇನು? ಹಾಗಾದರೆ ಸುಳ್ಳಾಡುತ್ತಿರುವ ಪುಟ ಯಾವುದು? ಬುದ್ಧಿವಂತ ಮಗು ಕೇಳಿಯೇ ಕೇಳುವ ಪ್ರಶ್ನೆಯಿದು. ಉತ್ತರ ದೊರೆಯದಿದ್ದರೆ, ಗಣಿತವೆಂದರೆ ಹಿರಿಯರು ಹೇಳಿದ್ದನ್ನು ಒಪ್ಪಿ ಅಂಕ ಗಳಿಸುವುದು ಎಂದು ಆ ಮಗು ತೀರ್ಮಾನಿಸುತ್ತದೆ. ಆ ತೀರ್ಮಾನ ಬೇರೂರಿದ ಮೇಲೆ ಕೀಳುವುದು ಕಷ್ಟ.

ಈ ಲೇಖಕ ಗಣಿತಜ್ಞನಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನ ಜಮಾಖರ್ಚಿನಲ್ಲಿ ಎರಡು ದಶಕ ಕಳೆದವನು. ಆದುದರಿಂದ ಈ ಪಾಠವೂ ಜಮಾಖರ್ಚಿನ ದಾರಿಯಲ್ಲೇ ಸಾಗುವುದು.

ಎಣಿಸಲು ಬೇಕಾದ 1, 2, 3, 4 ಮುಂತಾದವು ಸ್ವಾಭಾವಿಕ ಸಂಖ್ಯೆಗಳು. ಇವುಗಳಿಗೆ ಸೊನ್ನೆಯನ್ನು ಸೇರಿಸಿದರೆ ಪೂರ್ಣ ಸಂಖ್ಯೆಗಳು. ಇಷ್ಟರಿಂದ ಕೂಡುವುದಕ್ಕೂ ಗುಣಿಸುವುದಕ್ಕೂ ಅಡ್ಡಿಯಿಲ್ಲ. ಯಾವ ಎರಡನ್ನು ಕೂಡಿದರೂ ಗುಣಿಸಿದರೂ ಉತ್ತರ ಅದೇ ಬಳಗದಲ್ಲಿ ಇರುತ್ತದೆ. ಇದಕ್ಕೆ ಆವೃತ ಗುಣವೆಂದು ಹೆಸರು. ಕಳೆಯುವಾಗ ಮಾತ್ರ ತೊಡಕು. ಖಾತೆಯಲ್ಲಿ 300 ರೂಪಾಯಿ ಇದ್ದು 500 ರೂಪಾಯಿಯ ಚೆಕ್ಕು ಬಂದರೆ ಉತ್ತರವನ್ನು ಎಲ್ಲಿಂದ ತರುವುದು? ನಮ್ಮ ಪೂರ್ವಿಕರು ಇದನ್ನು ವ್ಯಾಪಾರಿಯ ಕಣ್ಣಿನಿಂದಲೇ ನೋಡಿದರು. ಕ್ರಿ.ಶ. 628ರಲ್ಲಿ ರಚಿತವಾದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಬ್ರಹ್ಮಗುಪ್ತನು ಒಂದು ಬಗೆಯ ಸಂಖ್ಯೆಗೆ 'ಧನ' ಎಂದೂ ಇನ್ನೊಂದು ಬಗೆಗೆ 'ಋಣ' ಎಂದೂ ಹೆಸರಿಟ್ಟು ಅವುಗಳ ಕೂಡುವಿಕೆ, ಗುಣಾಕಾರಗಳ ನಿಯಮಗಳನ್ನು ಕೊಟ್ಟನು. ಇಂದಿಗೂ ಕನ್ನಡ ಶಾಲೆಗಳಲ್ಲಿ ಧನಸಂಖ್ಯೆ, ಋಣಸಂಖ್ಯೆ ಎಂಬ ಹೆಸರುಗಳೇ ಇವೆ. ಇಂಗ್ಲಿಷಿನ 'ನೆಗೆಟಿವ್' ಎಂಬ ಮಾತಿಗೆ ನಿರಾಕರಣೆಯ ಛಾಯೆಯುಂಟು. 'ಋಣ' ಎಂಬುದಕ್ಕೆ ಅರ್ಥವೇ ಉಂಟು. ಈ ವಿಷಯದಲ್ಲಿ ನಮ್ಮ ಮಾತು ಮೇಲೆಂದೇ ನನ್ನ ಅಭಿಪ್ರಾಯ.

ಋಣವನ್ನು ಋಣದಿಂದ ಗುಣಿಸಿದರೆ ಧನವೇಕೆ ಎಂಬ ಗೊಂದಲವೂ ಇಲ್ಲಿಯೇ ತೀರುತ್ತದೆ. ತಲಾ 100 ರೂಪಾಯಿಯ ಮೂರು ಸಾಲಗಳನ್ನು ಖಾತೆಯಿಂದ ತೆಗೆದುಹಾಕಿದರೆ ನಿಮ್ಮ ಸ್ಥಿತಿ 300 ರೂಪಾಯಿಯಷ್ಟು ಉತ್ತಮಗೊಂಡಿತು. ಸಾಲ ಋಣ, ತೆಗೆದುಹಾಕುವುದೂ ಋಣ, ಫಲ ಧನ. ಪೂರ್ಣ ಸಂಖ್ಯೆಗಳಿಗೆ ಈ ಋಣಸಂಖ್ಯೆಗಳನ್ನು ಸೇರಿಸಿದ ಬಳಗವೇ ಪೂರ್ಣಾಂಕಗಳು. ಮಕ್ಕಳ ಪುಸ್ತಕದ ಇಂಟಿಜರ್‌ಗಳು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. –500 ಎಂಬುದು –50ಕ್ಕಿಂತ ಚಿಕ್ಕದು. ಸಾಲ ಹಿರಿದಾದಷ್ಟೂ ಸ್ಥಿತಿ ಕೆಳಗೆ ಎಂದು ನೆನೆದರೆ ಮಕ್ಕಳು ತಪ್ಪುವುದಿಲ್ಲ.

ಇನ್ನು ಭಾಗಾಕಾರ. 7 ರೂಪಾಯಿಯನ್ನು ಇಬ್ಬರಿಗೆ ಹಂಚಲು ಪೂರ್ಣಾಂಕಗಳು ಸಾಲವು. ಎರಡು ಪೂರ್ಣಾಂಕಗಳ ಭಾಗಾಕಾರದ ರೂಪದಲ್ಲಿ, ಛೇದ ಸೊನ್ನೆಯಾಗದಂತೆ, ಯಾವುದನ್ನು ಬರೆಯಬಹುದೋ ಅದು ಭಾಗಲಬ್ಧ ಸಂಖ್ಯೆ. ಇದೇ ರ‍್ಯಾಷನಲ್ ನಂಬರ್. 5 ಕೂಡ ಭಾಗಲಬ್ಧವೇ, ಏಕೆಂದರೆ ಅದು 5/1. ಹೀಗೆ ಪ್ರತಿಯೊಂದು ಬಳಗವೂ ತನ್ನ ಹಿಂದಿನ ಬಳಗವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬೆಳೆಯುತ್ತದೆ. ಕಂದಾಯ ಲೆಕ್ಕದಲ್ಲಿ ಗ್ರಾಮ ಹೋಬಳಿಯೊಳಗೆ, ಹೋಬಳಿ ತಾಲ್ಲೂಕಿನೊಳಗೆ ಇರುವಂತೆ. (ನಾವಿರುವ ಕಸ್ಬಾ ಎಂಬ ಹೆಸರೂ ನಮ್ಮ ತಾಲ್ಲೂಕುಗಳ ಕಸಬಾ ಹೋಬಳಿಯ ಹೆಸರೂ ಒಂದೇ ಮೂಲದವು ಎಂಬುದನ್ನು ಹೊಸದಾಗಿ ವರ್ಗವಾಗಿ ಬಂದವರಿಗೆ ಹೇಳಿದರೆ ಅವರಿಗೆ ತುಸು ಸಮಾಧಾನವಾಗುವುದುಂಟು.)

ಛೇದ ಸೊನ್ನೆಯಾಗಬಾರದೇಕೆ? ಈ ಪ್ರಶ್ನೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಚರ್ಚೆಗೆ ಬಂದಿತ್ತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಆ ಸಾಮ್ರಾಜ್ಯದ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಬಡ್ಡಿಯ ಲೆಕ್ಕಗಳೂ ಭಿನ್ನರಾಶಿಗಳ ವಿಸ್ತಾರವಾದ ವಿವೇಚನೆಯೂ ಇರುವ ಈ ಗ್ರಂಥವನ್ನು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುವುದು ಎಂದು ಮಹಾವೀರನು ಹೇಳಿದ್ದಾನೆ. 12 ರೊಟ್ಟಿಯನ್ನು ಯಾರಿಗೂ ಹಂಚದಿದ್ದರೆ 12 ರೊಟ್ಟಿಯೂ ಉಳಿಯುತ್ತದಲ್ಲವೆ? ವಾದ ಸಹಜವೆಂದು ತೋರುತ್ತದೆ. ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಭಾಗಲಬ್ಧವನ್ನು ಛೇದದಿಂದ ಗುಣಿಸಿದರೆ ಮೂಲ ಬರಬೇಕು. 12ನ್ನು ಸೊನ್ನೆಯಿಂದ ಗುಣಿಸಿದರೆ ಬರುವುದು ಸೊನ್ನೆ. ಯಾವ ಸಂಖ್ಯೆಯನ್ನು ಇಟ್ಟರೂ ಸೊನ್ನೆಯೇ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಇದಕ್ಕೆ 'ಖಹರ' ಎಂದು ಹೆಸರಿಟ್ಟು, ಎಷ್ಟು ಕೂಡಿದರೂ ಕಳೆದರೂ ಬದಲಾಗದ ಅನಂತ ರಾಶಿಯೆಂದನು. ಇಂದಿನ ಗಣಿತ ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಇಂಥ ಮಹಾನುಭಾವರೂ ತಡವರಿಸಿದ ಎಡೆಯಲ್ಲಿ ನಮ್ಮ ಮಕ್ಕಳು ತಡವರಿಸಿದರೆ ಗದರಬೇಕಾಗಿಲ್ಲ.

ಭಾಗಲಬ್ಧ ಸಂಖ್ಯೆಗಳನ್ನು ದಶಮಾಂಶವಾಗಿ ಬರೆದಾಗ ಎರಡು ಗುಂಪು ಕಾಣುತ್ತವೆ. 1/4 ಎಂಬುದು 0.25 ಎಂದು ಮುಗಿಯುತ್ತದೆ. 1/3 ಎಂಬುದು 0.333 ಎಂದು ಮುಗಿಯದೆ ಸಾಗುತ್ತದೆ. ಆದರೆ ಮುಗಿಯುವುದೂ ಮುಗಿಯದಿರುವುದೂ ಸಂಖ್ಯೆಯ ಗುಣವಲ್ಲ, ಬರೆಯುವ ಪದ್ಧತಿಯ ಗುಣ. ಇದನ್ನು ನಮ್ಮ ಹಿರಿಯರು ಕೈಯಾರೆ ಅನುಭವಿಸಿದ್ದಾರೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಒಟ್ಟು 192 ಕಾಸು. ರೂಪಾಯಿಯ ಮೂರನೆಯ ಒಂದು ಪಾಲು ಅಂದು ಸರಿಯಾಗಿ 5 ಆಣೆ 4 ಕಾಸು, ಚಿಲ್ಲರೆ ಉಳಿಯುತ್ತಿರಲಿಲ್ಲ. ನಯೇ ಪೈಸೆ ಬಂದ ಮರುದಿನದಿಂದ ಅದೇ ಪಾಲು 33 ಪೈಸೆಯ ಮೇಲೆ ಮತ್ತೊಂದು ಮೂರನೆಯ ಒಂದು. ಮೂವರು ಅಣ್ಣತಮ್ಮಂದಿರು ಒಂದು ರೂಪಾಯಿಯನ್ನು ಸಮನಾಗಿ ಹಂಚಿಕೊಳ್ಳಲಾರದೆ ಹೋದರು! ಬದಲಾಗಿ ಐದನೆಯ ಒಂದು ಪಾಲು ಹಿಂದೆ ಸಾಧ್ಯವಿರಲಿಲ್ಲ, ಈಗ ಸರಿಯಾಗಿ 20 ಪೈಸೆ. ಕಾರಣ ಸರಳ. 192ರ ಅಪವರ್ತನಗಳಲ್ಲಿ 2 ಮತ್ತು 3 ಇವೆ, 5 ಇಲ್ಲ. 100ರಲ್ಲಿ 2 ಮತ್ತು 5 ಇವೆ, 3 ಇಲ್ಲ. ಸಂಕ್ಷೇಪಿಸಿದ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5ರ ಹೊರತು ಬೇರೆ ಅಪವರ್ತನ ಇಲ್ಲದಿದ್ದರೆ ಮಾತ್ರ ದಶಮಾಂಶ ಮುಗಿಯುತ್ತದೆ ಎಂಬ ಪುಸ್ತಕದ ನಿಯಮದ ಒಳಗುಟ್ಟು ಇದೇ.

ಮುಗಿಯದಿದ್ದರೂ ಭಾಗಲಬ್ಧದ ದಶಮಾಂಶ ಗಾಣದೆತ್ತಿನಂತೆ ಸುತ್ತಲೇಬೇಕು. 1ನ್ನು 7ರಿಂದ ಭಾಗಿಸುತ್ತ ಹೋಗಿ. ಶೇಷವಾಗಿ ಉಳಿಯಬಹುದಾದವು 1ರಿಂದ 6ರವರೆಗಿನ ಆರೇ ಸಂಖ್ಯೆಗಳು. ಏಳನೆಯ ಹೆಜ್ಜೆಗೆ ಹಳೆಯ ಶೇಷವೊಂದು ಮರಳಿ ಬರಲೇಬೇಕು. ಬಂದೊಡನೆ ಅಂಕಿಗಳೂ ಮರಳುತ್ತವೆ. 0.142857 142857 ಎಂದು ಅದೇ ಆರಂಕಿಗಳ ಪ್ರದಕ್ಷಿಣೆ. ಇದು ಆವರ್ತ ದಶಮಾಂಶ.

ಇಷ್ಟಾದ ಮೇಲೆ ಎಲ್ಲ ಅಳತೆಗಳಿಗೂ ಭಿನ್ನರಾಶಿ ಸಾಕು ಎನ್ನಿಸುವುದು ಸಹಜ. ಸಾಲದು ಎಂಬುದನ್ನು ಕಾಣಲು ನಿವೇಶನದ ಲೆಕ್ಕಕ್ಕೆ ಬರೋಣ. ಪರಊರಿನಲ್ಲಿರುವ ಕನ್ನಡಿಗನ ಕನಸಿನಲ್ಲಿ ಬರುವುದು 30×40 ಸೈಟು. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದರೆ ಉದ್ದ ಸರಿಯಾಗಿ 50 ಅಡಿ. 900 ಮತ್ತು 1600 ಕೂಡಿ 2500. ಮೂಲೆಮಟ್ಟ ನೋಡಲು ನಮ್ಮ ಮೇಸ್ತ್ರಿಗಳು ಮಾಡುವುದೂ ಇದನ್ನೇ. ಇಲ್ಲಿ ಕೋಲ್ಕತ್ತದಲ್ಲಿ ನೆಲವನ್ನು ಅಳೆಯುವುದು ಕಾಠಾದಲ್ಲಿ. ಒಂದು ಕಾಠಾ ಎಂದರೆ 720 ಚದರ ಅಡಿ. 5 ಕಾಠಾ ಎಂದರೆ 3600 ಚದರ ಅಡಿ, ಅಂದರೆ 60 ಅಡಿಯ ಚಚ್ಚೌಕ. ಕಸ್ಬಾದಲ್ಲಿ ಅಷ್ಟು ನೆಲ ಕೊಳ್ಳುವ ಶಕ್ತಿ ಯಾರಿಗಿದೆಯೋ ಕಾಣೆ, ಕಾಗದದ ಮೇಲೆ ಕೊಳ್ಳಲು ಅಡ್ಡಿಯಿಲ್ಲ. ಈ ಚೌಕದ ಕರ್ಣವೆಷ್ಟು? 60ರ √2 ರಷ್ಟು. √2 ಎಂದರೆ ತನ್ನಿಂದ ತಾನೇ ಗುಣಿಸಿಕೊಂಡಾಗ 2 ಆಗುವ ಸಂಖ್ಯೆ.

ಅದನ್ನು ಭಿನ್ನರಾಶಿಯಾಗಿ ಹಿಡಿಯಲು ಯತ್ನಿಸೋಣ. ಅಂಶದ ವರ್ಗವು ಛೇದದ ವರ್ಗದ ಎರಡರಷ್ಟಾದರೆ ಲೆಕ್ಕ ತಾಳೆಯಾಯಿತು. 7/5 ಇಟ್ಟು ನೋಡಿ: ಒಂದು ಕಡೆ 49, ಇನ್ನೊಂದು ಕಡೆ 50. ಒಂದರ ವ್ಯತ್ಯಾಸ. 17/12 ಇಡಿ: 289 ಮತ್ತು 288. ಮತ್ತೆ ಒಂದು. 41/29: 1681, 1682. 99/70: 9801, 9800. ನಮ್ಮ ಪ್ರಾಚೀನ ಶುಲ್ಬಸೂತ್ರಗಳಲ್ಲಿ, ಯಜ್ಞವೇದಿ ಕಟ್ಟುವವರಿಗಾಗಿ, ಬೌಧಾಯನನು ಕೊಟ್ಟ ಬೆಲೆ 577/408ಕ್ಕೆ ಸಮ. ಅದನ್ನು ಪರೀಕ್ಷಿಸಿದರೆ 3,32,929 ಮತ್ತು 3,32,928. ಮೂರು ಲಕ್ಷದ ಲೆಡ್ಜರಿನಲ್ಲಿ ಒಂದೇ ರೂಪಾಯಿಯ ವ್ಯತ್ಯಾಸ! ಕಂಪ್ಯೂಟರು ಬರುವ ಮುನ್ನ ಬ್ಯಾಂಕಿನಲ್ಲಿ ದುಡಿದವರಿಗೆ ಗೊತ್ತು, ತಾಳೆಪಟ್ಟಿಯಲ್ಲಿ ಒಂದು ರೂಪಾಯಿ ಕೂಡದಿದ್ದರೆ ರಾತ್ರಿ ಹತ್ತಾದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆ ರೂಪಾಯಿ ಕೊನೆಗೊಮ್ಮೆ ಎಲ್ಲೋ ಸಿಗುತ್ತಿತ್ತು. ಈ ರೂಪಾಯಿ ಮಾತ್ರ ಎಂದೆಂದಿಗೂ ಸಿಗದು.

ಸಿಗದೆಂದು ಹೇಗೆ ಹೇಳುವುದು? ಬಿಡಿಸ್ಥಾನದ ಅಂಕಿಯೊಂದನ್ನೇ ಗಮನಿಸಿದರೆ ಸಾಕು. ಯಾವ ಪೂರ್ಣಾಂಕದ ವರ್ಗವೂ 0, 1, 4, 5, 6, 9 ಇವುಗಳಲ್ಲಿ ಒಂದರಿಂದಲೇ ಮುಗಿಯುತ್ತದೆ. ವರ್ಗದ ಎರಡರಷ್ಟು 0, 2, 8 ಇವುಗಳಲ್ಲಿ ಒಂದರಿಂದ ಮುಗಿಯುತ್ತದೆ. ಎರಡೂ ಪಟ್ಟಿಗಳಲ್ಲಿ ಇರುವುದು 0 ಒಂದೇ. ಆದುದರಿಂದ ಲೆಕ್ಕ ತಾಳೆಯಾಗಬೇಕಾದರೆ ಎರಡು ಕಡೆಯೂ ಸೊನ್ನೆಯಿಂದ ಮುಗಿಯಬೇಕು. ಆಗ ಅಂಶ ಸೊನ್ನೆಯಿಂದಲೂ ಛೇದ ಸೊನ್ನೆ ಅಥವಾ 5ರಿಂದಲೂ ಮುಗಿಯಬೇಕು. ಅಂದರೆ ಎರಡೂ 5ರಿಂದ ಭಾಗವಾಗಬೇಕು. ಆದರೆ ನಾವು ಭಿನ್ನರಾಶಿಯನ್ನು ಮೊದಲೇ ಪೂರ್ಣವಾಗಿ ಸಂಕ್ಷೇಪಿಸಿ ಇಟ್ಟುಕೊಂಡಿದ್ದೇವೆ. ಸಾಮಾನ್ಯ ಅಪವರ್ತನ ಉಳಿದಿರುವಂತಿಲ್ಲ. ವಿರೋಧ ಒದಗಿತು. ಅಂಥ ಭಿನ್ನರಾಶಿ ಇಲ್ಲವೇ ಇಲ್ಲ. ಕೋಟಿ ಭಿನ್ನರಾಶಿಗಳನ್ನು ಒಂದೊಂದಾಗಿ ಪರೀಕ್ಷಿಸದೆ, ನಾಲ್ಕು ಸಾಲಿನಲ್ಲಿ ಎಲ್ಲವನ್ನೂ ಒಮ್ಮೆಗೇ ತಳ್ಳಿಹಾಕಿದ್ದನ್ನು ಮಕ್ಕಳಿಗೆ ದಯಮಾಡಿ ನಿಧಾನವಾಗಿ ತೋರಿಸಿ. ಗಣಿತದಲ್ಲಿ ಹಿರಿಯರ ಮಾತನ್ನು ನಂಬಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿಯದು.

ಹಾಗೆಂದು √2 ಇಲ್ಲವೆನ್ನಲಾಗದು. ಕರ್ಣ ಕಣ್ಣೆದುರಿಗೇ ಇದೆ, ಅದರ ಮೇಲೆ ನಡೆದುಹೋಗಬಹುದು. ಭಿನ್ನರಾಶಿಯಾಗಿ ಬರೆಯಲಾಗದ, ದಶಮಾಂಶದಲ್ಲಿ ಮುಗಿಯದ ಹಾಗೂ ಆವರ್ತವೂ ಆಗದ ಇಂಥವೇ ಅಭಾಗಲಬ್ಧ ಸಂಖ್ಯೆಗಳು. ಭಾಗಲಬ್ಧ ಅಭಾಗಲಬ್ಧಗಳೆರಡೂ ಕೂಡಿ ವಾಸ್ತವ ಸಂಖ್ಯೆಗಳು, ಪುಸ್ತಕದ ರಿಯಲ್ ನಂಬರ್‌ಗಳು. ಒಂದೇ ಕಾಠಾದ ಚಚ್ಚೌಕ ನಿವೇಶನವನ್ನು ಕಲ್ಪಿಸಿಕೊಳ್ಳಿ. ಅದರ ಬದಿ √720 ಅಡಿ, ಇದೂ ಅಭಾಗಲಬ್ಧವೇ. ಅಮೀನನು ಟೇಪು ಹಿಡಿದು 26 ಅಡಿ 10 ಅಂಗುಲ ಎಂದು ಬರೆದುಕೊಂಡರೆ ಚೌಕದ ವಿಸ್ತೀರ್ಣ 1,03,684 ಚದರ ಅಂಗುಲ, ಕಾಠಾದ್ದು 1,03,680. ನಾಲ್ಕು ಚದರ ಅಂಗುಲ ಹೆಚ್ಚು, ಅಂಚೆಚೀಟಿಯೊಂದೆರಡು ಹಿಡಿಸುವಷ್ಟು ನೆಲ. ನೋಂದಣಿ ಕಛೇರಿಗೆ ಇಷ್ಟು ಸಾಕು. ಸಂಖ್ಯೆಗೆ ಸಾಲದು.

ಈಗ ಪೈ ಪ್ರಶ್ನೆಗೆ ಉತ್ತರ ಕೊಡಬಹುದು. ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ 3.14159265 ಎಂದು ಸಾಗುತ್ತದೆ. 22/7 ಎಂದರೆ 3.142857 142857. ಎರಡು ದಶಮಾಂಶ ಸ್ಥಾನಗಳವರೆಗೆ ಜೊತೆಗಿದ್ದು ಮೂರನೆಯದರಲ್ಲಿ ಬೇರೆಯಾಗುತ್ತವೆ. ಒಂದು ಕಿಲೋಮೀಟರ್ ವ್ಯಾಸದ ವರ್ತುಲ ರಸ್ತೆಗೆ 22/7 ಬಳಸಿದರೆ ಸುಮಾರು ಒಂದೂಕಾಲು ಮೀಟರ್ ಹೆಚ್ಚು ಬರುತ್ತದೆ. ಬಳೆಯ ಸುತ್ತಳತೆಗೆ ಬಳಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದುದರಿಂದ ಪುಸ್ತಕದ ಎರಡು ಪುಟಗಳೂ ನಿಜವೇ. ತಪ್ಪಿರುವುದು ನಡುವಣ '=' ಚಿಹ್ನೆಯಲ್ಲಿ. 'ಪೈ ಬೆಲೆ ಸರಿಸುಮಾರು 22/7' ಎಂದು ಬರೆದಿದ್ದರೆ ಮಗುವಿಗೆ ಕಷ್ಟವಾಗುತ್ತಿರಲಿಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟನು 3.1416ಕ್ಕೆ ಸಮನಾದ ಬೆಲೆಯನ್ನು ಕೊಟ್ಟು, ಅದು 'ಆಸನ್ನ', ಅಂದರೆ ಸಮೀಪದ್ದು ಎಂಬ ಒಂದು ಮಾತನ್ನು ಮರೆಯದೆ ಸೇರಿಸಿದನು. ಮಹಾವೀರಾಚಾರ್ಯನೂ ಸ್ಥೂಲ ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ √10 ಎಂದು ಬೇರ್ಪಡಿಸಿಯೇ ಹೇಳಿದ್ದಾನೆ. ಹದಿನೈದು-ಹದಿನಾರನೆಯ ಶತಮಾನದಲ್ಲಿ ಕೇರಳದ ನೀಲಕಂಠ ಸೋಮಯಾಜಿಯು ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ, ಯಾವ ಮಾನದಿಂದ ವ್ಯಾಸವನ್ನು ಶೇಷವಿಲ್ಲದೆ ಅಳೆಯಬಹುದೋ ಅದೇ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿದೇ ಉಳಿಯುವುದು ಎಂಬ ಆಶಯವನ್ನು ಸ್ಪಷ್ಟವಾಗಿ ಹೇಳಿದನು. ಯೂರೋಪಿನಲ್ಲಿ ಇದಕ್ಕೆ ಪೂರ್ಣ ಸಾಧನೆ ದೊರೆತದ್ದು 1761ರಲ್ಲಿ, ಲ್ಯಾಂಬರ್ಟನಿಂದ.

ಅಭಾಗಲಬ್ಧ ಸಂಖ್ಯೆಗಳು ರೇಖಾಗಣಿತದವರ ಗೊಡವೆ, ಹಣಕಾಸಿಗೂ ಅವಕ್ಕೂ ಸಂಬಂಧವಿಲ್ಲ ಎಂದು ನನ್ನ ವೃತ್ತಿಬಾಂಧವರು ಹೇಳುವುದುಂಟು. ಅವರಿಗಾಗಿ ಈ ಮಾತು. 1988ರಲ್ಲಿ ಕಿಸಾನ್ ವಿಕಾಸ ಪತ್ರ ಆರಂಭವಾದಾಗ ಐದೂವರೆ ವರ್ಷಕ್ಕೆ ಹಣ ಇಮ್ಮಡಿ ಎಂಬುದು ಅದರ ಆಕರ್ಷಣೆ. ಹಾಗಾದರೆ ವಾರ್ಷಿಕ ಬಡ್ಡಿ ಎಷ್ಟು? ಸುಮಾರು 13.43 ಪ್ರತಿಶತ. ಈ 'ಸುಮಾರು' ಎಂಬ ಮಾತನ್ನು ಎಷ್ಟು ದಶಮಾಂಶ ಸೇರಿಸಿದರೂ ತೆಗೆದುಹಾಕಲಾಗದು. ಆ ದರ ಅಭಾಗಲಬ್ಧ. 2023ರ ಏಪ್ರಿಲಿನಲ್ಲಿ ಅದನ್ನೇ ತಿರುಗಿಸಿ, ವಾರ್ಷಿಕ 7.5 ಪ್ರತಿಶತ ಚಕ್ರಬಡ್ಡಿ, 115 ತಿಂಗಳಿಗೆ ಇಮ್ಮಡಿ ಎಂದು ಪ್ರಕಟಿಸಲಾಯಿತು. ದರ ಈಗ ಭಾಗಲಬ್ಧ. ಆದರೆ ಅವಧಿ? ವರ್ಷಕ್ಕೊಮ್ಮೆ ಹಣ 43/40 ಪಟ್ಟಾಗುತ್ತದೆ. ಎಷ್ಟೇ ವರ್ಷ ಗುಣಿಸುತ್ತ ಹೋದರೂ ಅಂಶದಲ್ಲಿ 43ರ ಗುಣಲಬ್ಧ, ಅದು ಸದಾ ಬೆಸ. ಇಮ್ಮಡಿಯಾಗಬೇಕಾದರೆ ಅದು ಛೇದದ ಎರಡರಷ್ಟಾಗಬೇಕು, ಅದು ಸದಾ ಸಮ. ಬೆಸ ಎಂದೂ ಸಮವಾಗದು. ವರ್ಷದ ಭಾಗಗಳನ್ನು ಹಿಡಿದರೂ ಇದೇ ವಾದ ನಿಲ್ಲುತ್ತದೆ. ಆದುದರಿಂದ ಚಕ್ರಬಡ್ಡಿಯ ಕ್ರಮದಲ್ಲೇ ಕ್ಷಣಕ್ಷಣಕ್ಕೂ ಬೆಳೆಯುವುದೆಂದು ಎಣಿಸಿದರೆ ಹಣ ಸರಿಯಾಗಿ ಇಮ್ಮಡಿಯಾಗುವ ಕ್ಷಣ ಅಭಾಗಲಬ್ಧ. ಅದು 115 ತಿಂಗಳು ಕಳೆದು ಸುಮಾರು 9 ಗಂಟೆಗಳ ಮೇಲೆ ಬರುತ್ತದೆ. ಆ ಒಂಬತ್ತು ಗಂಟೆಯ ಬಡ್ಡಿಯನ್ನು ಸರ್ಕಾರ ಬಿಟ್ಟುಕೊಟ್ಟಿತೆಂದು ತಿಳಿಯೋಣ.

ಚಕ್ರಬಡ್ಡಿಯಿಂದಲೇ ಹುಟ್ಟಿದ ಇನ್ನೊಂದು ಪ್ರಸಿದ್ಧ ಸಂಖ್ಯೆಯುಂಟು. ಒಂದು ರೂಪಾಯಿಗೆ ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಎಂದುಕೊಳ್ಳಿ. ವರ್ಷಕ್ಕೊಮ್ಮೆ ಕಟ್ಟಿದರೆ 2 ರೂಪಾಯಿ. ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತ ಹೋದರೆ 2.613. ದಿನಕ್ಕೊಮ್ಮೆ ಸೇರಿಸಿದರೆ 2.7146. ಕ್ಷಣಕ್ಷಣಕ್ಕೂ ಸೇರಿಸಿದರೆ ಹಣ ಅನಂತವಾಗುವುದೋ ಎಂದರೆ ಇಲ್ಲ, 2.71828 ಎಂದು ಸಾಗುವ ಒಂದು ಮಿತಿಯನ್ನು ದಾಟಲಾರದು. 1683ರಲ್ಲಿ ಯಾಕೋಬ್ ಬರ್ನೂಲಿ ಈ ಪ್ರಶ್ನೆಯನ್ನು ಎತ್ತಿದನು. ಮುಂದೆ 'ಇ' ಎಂಬ ಅಕ್ಷರದಿಂದ ಹೆಸರಾದ ಈ ಸಂಖ್ಯೆ ಅಭಾಗಲಬ್ಧವೆಂದು 1737ರಲ್ಲಿ ಆಯ್ಲರ್ ತೋರಿಸಿದನು.

ವಾಸ್ತವ ಸಂಖ್ಯೆಗಳನ್ನು ಒಂದು ನೇರ ಗೆರೆಯ ಮೇಲಿನ ಬಿಂದುಗಳಾಗಿ ಕಾಣುವುದು ರೂಢಿ. ವೈದ್ಯ ಲೇಖನಗಳ ನೆರೆಯಲ್ಲಿ ಕುಳಿತಿರುವುದರಿಂದ ಜ್ವರಮಾಪಕದ ಉದಾಹರಣೆಯನ್ನೇ ತೆಗೆದುಕೊಳ್ಳುವೆ. ಈಗಿನ ಡಿಜಿಟಲ್ ಮಾಪಕ 98.6 ತೋರಿಸಿ ಮರುಗಳಿಗೆಗೆ 98.7ಕ್ಕೆ ನೆಗೆಯುತ್ತದೆ. ಹಿಂದಿನ ಪಾದರಸದ ಮಾಪಕದಲ್ಲಿ ಹಾಗಲ್ಲ. ಪಾದರಸ 98ರಿಂದ 99ಕ್ಕೆ ಏರುವಾಗ ನಡುವಿನ ಒಂದು ಬಿಂದುವನ್ನೂ ಬಿಡದೆ ದಾಟುತ್ತಿತ್ತು. ಭಾಗಲಬ್ಧ ಸಂಖ್ಯೆಗಳೂ ಬಹಳ ಒತ್ತಾಗಿವೆ. ಯಾವ ಎರಡನ್ನು ಹಿಡಿದರೂ ಅವುಗಳನ್ನು ಕೂಡಿಸಿ ಅರ್ಧ ಮಾಡಿದರೆ ನಡುವೆ ಮತ್ತೊಂದು ಸಿಗುತ್ತದೆ, ಹೀಗೆ ಕೊನೆಯಿಲ್ಲದೆ. ಆದರೂ ಅವುಗಳ ನಡುವೆ ರಂಧ್ರಗಳಿವೆ, √9700 ಇರಬೇಕಾದ ಸ್ಥಾನದಲ್ಲಿ ಏನೂ ಇಲ್ಲ. ಒತ್ತಾಗಿರುವುದು ಬೇರೆ, ಬಿರುಕಿಲ್ಲದಿರುವುದು ಬೇರೆ. ಆ ಬಿರುಕುಗಳನ್ನೆಲ್ಲ ತುಂಬಿದ ಮೇಲೆ ದೊರೆಯುವುದೇ ವಾಸ್ತವ ಸಂಖ್ಯೆಗಳ ಅಖಂಡ ಗೆರೆ. 1872ರಲ್ಲಿ ಜರ್ಮನಿಯ ಡೆಡಿಕಿಂಡ್ ಈ ಪರಿಪೂರ್ಣತೆಯನ್ನು ತರ್ಕಬದ್ಧವಾಗಿ ನಿರೂಪಿಸಿದನು.

ಬಿರುಕುಗಳು ಎಷ್ಟು? ಭಾಗಲಬ್ಧ ಸಂಖ್ಯೆಗಳಿಗೆಲ್ಲ ಖಾತೆ ಸಂಖ್ಯೆ ಕೊಡುತ್ತ 1, 2, 3 ಎಂದು ರಿಜಿಸ್ಟರಿನಲ್ಲಿ ಏರಿಸಬಹುದು. ವಾಸ್ತವ ಸಂಖ್ಯೆಗಳನ್ನು ಹಾಗೆ ಏರಿಸಲಾಗದೆಂದು ಕ್ಯಾಂಟರನು ತೋರಿಸಿದನು. 1891ರಲ್ಲಿ ಅವನು ಕೊಟ್ಟ ಯುಕ್ತಿ ಲೆಕ್ಕಪರಿಶೋಧಕನದೇ ಯುಕ್ತಿ. ಎಲ್ಲವನ್ನೂ ಏರಿಸಿದ್ದೇನೆಂದು ಯಾರಾದರೂ ರಿಜಿಸ್ಟರನ್ನು ತಂದರೆ, ಮೊದಲನೆಯ ಸಂಖ್ಯೆಯ ಮೊದಲ ದಶಮಾಂಶಕ್ಕಿಂತ ಭಿನ್ನವಾದ, ಎರಡನೆಯದರ ಎರಡನೆಯ ದಶಮಾಂಶಕ್ಕಿಂತ ಭಿನ್ನವಾದ, ಹೀಗೆ 0 ಮತ್ತು 9ನ್ನು ಬಳಸದೆ ಆಯ್ದ ಅಂಕಿಗಳನ್ನು ಜೋಡಿಸಿ ಒಂದು ಸಂಖ್ಯೆ ಬರೆಯಿರಿ. ಅದು ರಿಜಿಸ್ಟರಿನ ಯಾವ ನಮೂದಿಗೂ ಸಮನಲ್ಲ. ಖಾತೆಯೊಂದು ಬಿಟ್ಟುಹೋಗಿದೆ!

ಇನ್ನು ಗುಣಗಳು. ಮಕ್ಕಳು ಇವನ್ನು ಕಂಠಪಾಠ ಮಾಡಿ ಬೇಸರಗೊಳ್ಳುತ್ತಾರೆ. ವೋಚರುಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಒಂದೇ. ಇದು ಪರಿವರ್ತನೀಯ ಗುಣ. ಹೇಗೆ ಕಟ್ಟುಕಟ್ಟಿದರೂ ಮೊತ್ತ ಒಂದೇ. ಇದು ಸಹವರ್ತನೀಯ ಗುಣ. ಗುಣಾಕಾರಕ್ಕೂ ಎರಡೂ ಸಲ್ಲುತ್ತವೆ. ಸೊನ್ನೆಯನ್ನು ಕೂಡಿದರೆ, ಒಂದರಿಂದ ಗುಣಿಸಿದರೆ ಸಂಖ್ಯೆ ಬದಲಾಗದು. ಪ್ರತಿ ಧನಕ್ಕೂ ಅದನ್ನು ತೀರಿಸುವ ಋಣವುಂಟು. ಸೊನ್ನೆಯ ಹೊರತು ಪ್ರತಿ ಸಂಖ್ಯೆಗೂ ಗುಣಿಸಿ ಒಂದಾಗಿಸುವ ವ್ಯುತ್ಕ್ರಮವುಂಟು. ಮೂರು ಖಾತೆಗಳ ಮೊತ್ತದ ಮೇಲಿನ ಬಡ್ಡಿಯೂ ಬಿಡಿಬಿಡಿ ಬಡ್ಡಿಗಳ ಮೊತ್ತವೂ ಒಂದೇ. ಇದು ವಿಭಾಜಕ ಗುಣ. ಇಷ್ಟು ಸ್ವಯಂಸ್ಪಷ್ಟವಾದುದನ್ನು ಪಾಠ ಮಾಡುವುದೇಕೆ?

ಏಕೆಂದರೆ ಇವು ವಾಸ್ತವ ಸಂಖ್ಯೆಗಳ ಗುಣಗಳು, ರಿಜಿಸ್ಟರಿನ ಗುಣಗಳಲ್ಲ. ಮೂರು ಖಾತೆಗಳಲ್ಲಿ ತಲಾ 10.40 ರೂಪಾಯಿ ಬಡ್ಡಿ ಬಂದಿದೆ ಎನ್ನಿ. ಒಂದೊಂದನ್ನೂ ಹತ್ತಿರದ ರೂಪಾಯಿಗೆ ಸರಿಹೊಂದಿಸಿದರೆ 10, 10, 10, ಒಟ್ಟು 30. ಮೊದಲು ಕೂಡಿ ಆಮೇಲೆ ಸರಿಹೊಂದಿಸಿದರೆ 31.20, ಅಂದರೆ 31. ವಿಭಾಜಕ ಗುಣ ಮುರಿದುಬಿತ್ತು, ಒಂದು ರೂಪಾಯಿ ಕಾಣೆಯಾಯಿತು. ಯಾರೂ ಕದಿಯಲಿಲ್ಲ. ನಾವು ಕಾಗದದ ಮೇಲೆ ಬರೆಯುವುದೂ ಯಂತ್ರಗಳು ನೆನಪಿನಲ್ಲಿ ಇಡುವುದೂ ಸಂಖ್ಯೆಯ ಸಮೀಪವನ್ನು. ಮಕ್ಕಳು ಲೆಕ್ಕದ ನಡುವೆ √2ನ್ನು 1.41 ಎಂದು ಬದಲಿಸದೆ ಕೊನೆಯವರೆಗೂ √2 ಎಂದೇ ಹೊತ್ತೊಯ್ಯಬೇಕೆಂದು ಉಪಾಧ್ಯಾಯರು ಒತ್ತಾಯಿಸುವುದು ಇದರಿಂದಲೇ.

ಈ ಸಂಖ್ಯಾಸಾಮ್ರಾಜ್ಯಕ್ಕೂ ಎಲ್ಲೆಯುಂಟು. ಋಣಸಂಖ್ಯೆಯ ವರ್ಗಮೂಲವೆಷ್ಟು? ಧನದ ವರ್ಗವೂ ಧನ, ಋಣದ ವರ್ಗವೂ ಧನ. ಆದುದರಿಂದ ಋಣಸಂಖ್ಯೆ ಸ್ವಭಾವತಃ ವರ್ಗವೇ ಅಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯನು ಖಚಿತವಾಗಿ ನುಡಿದಿದ್ದಾನೆ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ಅಕ್ಷರಶಃ ನಿಜ. ಎಲ್ಲೆಯಾಚೆಗಿನ ಮಿಶ್ರ ಸಂಖ್ಯೆಗಳು ಹನ್ನೊಂದನೆಯ ತರಗತಿಯ ವಿಷಯ; ಇಲ್ಲಿ ಬೇಡ.

ಮಕ್ಕಳು ಮನೆಯಲ್ಲಿ ಕುಲಗೋತ್ರ ಹಚ್ಚಲು ಕೆಲವನ್ನು ಕೊಡುತ್ತೇನೆ. √144 ಮೂಲಚಿಹ್ನೆಯ ವೇಷ ತೊಟ್ಟಿದ್ದರೂ 12, ಸ್ವಾಭಾವಿಕ ಸಂಖ್ಯೆ. 0.272727 ಎಂದು ಸಾಗುವುದು 3/11, ಭಾಗಲಬ್ಧ. 0.999 ಎಂದು ಕೊನೆಯಿಲ್ಲದೆ ಸಾಗುವುದು 1ಕ್ಕೆ ಸಮೀಪವಲ್ಲ, 1ೇ ಹೌದು. 1/3ರ ದಶಮಾಂಶವನ್ನು ಮೂರರಿಂದ ಗುಣಿಸಿ ನೋಡಲಿ. 0.1010010001 ಎಂದು ಪ್ರತಿಸಲವೂ ಒಂದು ಸೊನ್ನೆ ಹೆಚ್ಚುತ್ತ ಹೋಗುವುದರಲ್ಲಿ ಕ್ರಮವಿದೆ, ಆವರ್ತವಿಲ್ಲ, ಅದು ಅಭಾಗಲಬ್ಧ. ಎರಡು ಅಭಾಗಲಬ್ಧಗಳನ್ನು ಕೂಡಿದರೆ ಅಭಾಗಲಬ್ಧವೇ ಬರಬೇಕೆಂದಿಲ್ಲ. 5+√2 ಮತ್ತು 5–√2 ಕೂಡಿದರೆ 10. ಪೈ ಮತ್ತು 'ಇ' ಎರಡೂ ಅಭಾಗಲಬ್ಧವೆಂದು ಮೇಲೆ ಕಂಡೆವು. ಅವೆರಡನ್ನು ಕೂಡಿದರೆ ಬರುವ ಸಂಖ್ಯೆ ಯಾವ ಕುಲದ್ದೆಂಬುದನ್ನು ಜಗತ್ತಿನ ಯಾವ ಗಣಿತಜ್ಞರೂ ಈವರೆಗೆ ಸಾಧಿಸಿ ತೋರಿಸಿಲ್ಲ.